ಪ್ರಿಂಟ್ ಬಂತೇ? ಪ್ರೊಜೆಕ್ಟರ್‌ಗೆ ಏರಿಸುವ ಮುನ್ನ

ಸಿನಿಮಾ ಹಾರ್ಡ್‌ಡಿಸ್ಕ್‌ನಲ್ಲಿ ಬರುವ ಈ ಕಾಲದಲ್ಲೂ ಕೆಲವು ಫಿಲ್ಮ್ ಸೊಸೈಟಿಗಳು 35 ಎಂ.ಎಂ. ಪ್ರಿಂಟ್ (ಸಿನಿಮಾದ ಫಿಲ್ಮ್ ಸುರುಳಿಗಳು) ತರಿಸಿಕೊಳ್ಳುವುದುಂಟು. ಊರೂರು ಸುತ್ತಿ ಬಂದ ಪ್ರಿಂಟನ್ನು ಹಾಗೇ ಓಡಿಸಿ, ನಡುವೆ ತುಂಡಾದಾಗ ಸೆಲ್ಲೋಟೇಪ್ ಹುಡುಕುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಬ್ಬ ತೆರೆದು ಮೂಸಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್ ಹಾಳಾಗುತ್ತಿದೆ. ಬೇರೆ ರೀಲುಗಳ ಜೊತೆ ಇಡದೆ ಕಳಿಸಿದವರಿಗೆ ತಿಳಿಸಿ. ರೀಲ್ ನಂಬರ್ ಹೊಂದಿಸಿಕೊಳ್ಳಿ.

ಆಮೇಲೆ ರೀವೈಂಡರ್‌ನಲ್ಲಿ ಕೈಯಿಂದಲೇ ನಿಧಾನವಾಗಿ ಸುತ್ತಿ. ಮೋಟರ್ ಬೇಡವೇ ಬೇಡ. ಹತ್ತಿಯ ಕೈಗವಸು ತೊಟ್ಟು ಎರಡೂ ಅಂಚುಗಳನ್ನು ಬೆರಳ ನಡುವೆ ಹಗುರವಾಗಿ ಹಿಡಿಯಿರಿ. ಅಂಚಿನ ಹರಿದ ತೂತು, ಬಿಟ್ಟುಕೊಂಡ ಜಾಯಿಂಟ್ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ.

ಎಲ್ಲರೂ ಎಡವುವುದು ಜಾಯಿಂಟ್‌ನಲ್ಲಿ. ಫಿಲ್ಮ್ ಯಾವ ಪ್ಲಾಸ್ಟಿಕ್‌ನದು ಎಂದು ಮೊದಲು ತಿಳಿಯಲು ಸುರುಳಿಯನ್ನು ಅಡ್ಡಲಾಗಿ ಬೆಳಕಿಗೆ ಹಿಡಿಯಿರಿ: ಬೆಳಕು ತೂರಿ ಬಂದರೆ ಪಾಲಿಯೆಸ್ಟರ್, ಕಪ್ಪಗಿದ್ದರೆ ಅಸಿಟೇಟ್. ಪಾಲಿಯೆಸ್ಟರ್‌ಗೆ ಫಿಲ್ಮ್ ಸಿಮೆಂಟ್ ಎಂಬ ಅಂಟು ಹಿಡಿಯುವುದಿಲ್ಲ, ಫಿಲ್ಮ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಬೇಕು. ಕತ್ತರಿ ಬೀಳಬೇಕಾದದ್ದು ಎರಡು ಫ್ರೇಮ್‌ಗಳ ನಡುವಿನ ಗೆರೆಯ ಮೇಲೆ. ಒಂದು ಫ್ರೇಮ್‌ಗೆ ನಾಲ್ಕು ತೂತು. ಲೆಕ್ಕ ಎರಡು ತೂತು ತಪ್ಪಿದರೆ ಪರದೆಯ ಮೇಲ್ಭಾಗದಲ್ಲಿ ನಾಯಕನ ಕಾಲು, ಕೆಳಗೆ ತಲೆ! ತೂತುಗಳನ್ನು ಸ್ಪ್ಲೈಸರ್‌ನ (ಫಿಲ್ಮ್ ಜೋಡಿಸುವ ಉಪಕರಣದ) ಪಿನ್ನಿಗೆ ಕೂರಿಸಿ, ಟೇಪನ್ನು ಎರಡೂ ಬದಿಗೆ ಅಂಟಿಸಿ, ಗಾಳಿಗುಳ್ಳೆ ಹೋಗುವಂತೆ ಒತ್ತಿ. ಸ್ಟೇಷನರಿ ಅಂಗಡಿಯ ಸೆಲ್ಲೋಟೇಪ್ ಕಾವಿಗೆ ಅಂಟು ಬಿಟ್ಟು ಪಕ್ಕದ ಸುತ್ತಿಗೂ ಮೆತ್ತಿಕೊಳ್ಳುತ್ತದೆ. ಅದನ್ನು ಕ್ಯಾಬಿನ್ ಒಳಗೇ ಬಿಡಬೇಡಿ.

ಕತ್ತರಿಸುವಾಗ ಜಿಪುಣರಾಗಿ. ಹನ್ನೆರಡು ಥಿಯೇಟರ್‌ಗಳು ಒಂದೇ ಕಡೆ ಎರಡೆರಡು ಫ್ರೇಮ್ ಕಿತ್ತರೆ 24 ಫ್ರೇಮ್, ಅಂದರೆ ಪೂರಾ ಒಂದು ಸೆಕೆಂಡ್ ಮಾಯ. ಚಿತ್ರ ಜಿಗಿದ ಮೇಲೆ ಸುಮಾರು 20 ಫ್ರೇಮ್ ಕಳೆದು ಮಾತೂ ಜಿಗಿಯುತ್ತದೆ, ಏಕೆಂದರೆ ಫಿಲ್ಮ್ ಸಾಗುವ ದಾರಿಯಲ್ಲಿ ಧ್ವನಿ ಓದುವ ಜಾಗ, ಚಿತ್ರಕ್ಕೆ ಬೆಳಕು ಬೀಳುವ ಗೇಟ್‌ ದಾಟಿದ ಮೇಲೆ ಬರುತ್ತದೆ. ಹೆಚ್ಚು ಸವೆಯುವುದು ರೀಲಿನ ತುದಿಗಳು. ಮುಂದಿನ ರೀಲಿನ ಪ್ರೊಜೆಕ್ಟರ್‌ಗೆ ಬದಲಾಯಿಸಲು ಸೂಚಿಸುವ ಚೇಂಜ್‌ಓವರ್ ಗುರುತು ಬಲ ಮೂಲೆಯಲ್ಲಿ ಅಚ್ಚಾಗಿಯೇ ಬಂದಿರುತ್ತದೆ. ಮೊಳೆಯಿಂದ ತಮ್ಮದೊಂದು ಗೀರು ಹಾಕುವ ಆಪರೇಟರ್‌ಗಳಿಗೆ ನನ್ನ ಕ್ಷಮೆಯಿಲ್ಲ.

ಒಂದೇ ಪ್ರಿಂಟ್ ಎರಡು ಥಿಯೇಟರ್‌ಗೆ ಶಿಫ್ಟಿಂಗ್ ಆಗುತ್ತಿದ್ದರೆ, ಅಂದರೆ ಇಲ್ಲಿ ಓಡಿದ ರೀಲು ಒಂದೊಂದಾಗಿ ಅಲ್ಲಿಗೆ ಹೋಗುತ್ತಿದ್ದರೆ, ಆತುರ ಸಹಜ. 2000 ಅಡಿಯ ರೀಲು ಓಡುವುದು ಸುಮಾರು 22 ನಿಮಿಷ, ಬೈಕಿನ ಹುಡುಗ ಬಾಗಿಲಲ್ಲೇ ನಿಂತಿರುತ್ತಾನೆ. ಹಾಗೆಂದು ಸಡಿಲ ಸುರುಳಿಯ ತುದಿ ಹಿಡಿದೆಳೆದು ಬಿಗಿ ಮಾಡಬೇಡಿ. ಸುತ್ತುಗಳ ನಡುವಿನ ಧೂಳು ಉದ್ದಕ್ಕೂ ಗೀರುತ್ತದೆ. ಬೇಸ್ (ಫಿಲ್ಮ್‌ನ ಪ್ಲಾಸ್ಟಿಕ್ ಬದಿ) ಮೇಲಿನ ಗೀರು ಪರದೆಯಲ್ಲಿ ಕಪ್ಪು ಗೆರೆ. ಹಸಿರು ಗೆರೆ ಕಂಡರೆ ಚಿತ್ರವಿರುವ ಪದರವಾದ ಎಮಲ್ಷನ್ನೇ ಕಿತ್ತುಹೋಗಿದೆ, ಅದು ಮರಳಿ ಬರುವುದಿಲ್ಲ. ರೀವೈಂಡ್ ಮಾಡಲು ಸಮಯವಿಲ್ಲದಿದ್ದರೆ ‘ಬಾಲ ಹೊರಗೆ’ (ರೀಲಿನ ಕೊನೆ ಸುರುಳಿಯ ಹೊರಗಿದೆ) ಎಂದು ಚೀಟಿ ಅಂಟಿಸಿ.

ವಾಪಸ್ ಕಳಿಸುವಾಗ ಯಾವ ರೀಲಿನಲ್ಲಿ, ಎಲ್ಲಿ, ಎಷ್ಟು ಫ್ರೇಮ್ ಹೋಯಿತು ಎಂದು ಬರೆದ ಹಾಳೆ ಡಬ್ಬದ ಜೊತೆ ಹೋಗಲಿ. ಕತ್ತರಿಸಿದ ತುಣುಕುಗಳನ್ನೂ ಲಕೋಟೆಯಲ್ಲಿ ಹಾಕಿ ಕಳಿಸಿ.