ಕೋಟಿನೊಳಗಿನವನು: ಮಗುವಿನ ಕಣ್ಣಲ್ಲಿ ಒಂದು ಹಾರರ್ ಕಿರುಚಿತ್ರ ಮಾಡಿದ ಅನುಭವ

ನಾನು ಮಾಡಿದ ಕಿರುಚಿತ್ರದಲ್ಲಿ ರಕ್ತ ಇಲ್ಲ, ಚೀರಾಟ ಇಲ್ಲ, ದಿಢೀರಂತ ಪರದೆ ತುಂಬುವ ವಿಕಾರ ಮುಖವೂ ಇಲ್ಲ. ಆರು ವರ್ಷದ ಒಬ್ಬ ಹುಡುಗಿ, ಒಂದು ಮನೆ, ಬಾಗಿಲ ಹಿಂದೆ ನೇತುಹಾಕಿದ ಉದ್ದನೆಯ ಕೋಟು. ಅದರೊಳಗೆ ಯಾರೋ ಇದ್ದಾರೆ ಅಂತ ಅವಳು ನಂಬಿದ್ದಾಳೆ. ಕಥೆ ಅಷ್ಟೇ.

ಬರೆಯೋಕೆ ಕೂತಾಗಲೇ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ, ಸಿನಿಮಾ ಹುಡುಗಿಯ ಪರ ನಿಲ್ಲಬೇಕು. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಅಮ್ಮ ಬಂದು ಲೈಟ್ ಹಾಕುತ್ತಾಳೆ, ಕ್ಯಾಮೆರಾ ಖಾಲಿ ಮೂಲೆ ತೋರಿಸುತ್ತದೆ, "ನೋಡು, ಏನೂ ಇಲ್ಲ" ಅನ್ನುತ್ತಾಳೆ. ಆ ಒಂದು ಶಾಟ್ ಬಂದರೆ ಮುಗೀತು, ನೋಡುವವರು ದೊಡ್ಡವರ ಕಡೆ ಸೇರಿಕೊಂಡುಬಿಡುತ್ತಾರೆ. ನಮ್ಮ ಚಿತ್ರದಲ್ಲೂ ಅಮ್ಮ ಬರುತ್ತಾಳೆ, ಲೈಟ್ ಹಾಕುತ್ತಾಳೆ, ಆದರೆ ಕ್ಯಾಮೆರಾ ಹುಡುಗಿಯ ಮುಖ ಬಿಟ್ಟು ಕದಲುವುದಿಲ್ಲ. ಅಮ್ಮನಿಗೆ ಏನು ಕಂಡಿತು ಅಂತ ನಾವು ತೋರಿಸುವುದೇ ಇಲ್ಲ.

ಈ ಧೈರ್ಯ ಬಂದದ್ದು 1944ರ 'ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್' ನೋಡಿ. ಹೆಸರು ಕೇಳಿದರೆ ಏನೋ ಮೃಗದ ಕಥೆ ಅನ್ನಿಸುತ್ತದೆ, ಅಲ್ವಾ? ನಿರ್ಮಾಪಕ ವ್ಯಾಲ್ ಲ್ಯೂಟನ್ ಮಾಡಿಸಿದ್ದು ಒಂಟಿ ಹುಡುಗಿಯೊಬ್ಬಳ ಕಾಣದ ಗೆಳತಿಯ ಕಥೆ. ಕೊನೆಯಲ್ಲಿ ಅಪ್ಪ ತನಗೂ ಅವಳು ಕಾಣುತ್ತಾಳೆ ಅಂತ ಮಗಳಿಗೆ ಹೇಳುತ್ತಾನೆ. ಹೊರಳಿ ನೋಡದೆಯೇ ಹೇಳುತ್ತಾನೆ. ನನಗೆ ಇಡೀ ಚಿತ್ರದಲ್ಲಿ ಅತಿ ದೊಡ್ಡದು ಆ ಮಾತು.

ಕ್ಯಾಮೆರಾವನ್ನು ಪೂರ್ತಿ ಹುಡುಗಿಯ ಕಣ್ಣಿನ ಮಟ್ಟಕ್ಕೇ ಇಟ್ಟೆವು, ನೆಲದಿಂದ ಸುಮಾರು 105 ಸೆಂಟಿಮೀಟರ್. ಅಲ್ಲಿಂದ ನೋಡಿದರೆ ಮನೆಯೇ ಬೇರೆ. ಬಾಗಿಲ ಚಿಲಕ ತಲೆ ಮೇಲಿರುತ್ತದೆ, ದೊಡ್ಡವರು ಬರೀ ಸೊಂಟ ಮತ್ತು ಕೈಗಳಾಗಿ ಓಡಾಡುತ್ತಾರೆ. ಕೋಟು ಮಾತ್ರ ತಲೆಯಿಂದ ಕಾಲವರೆಗೆ ಪೂರ್ತಿ ಕಾಣುತ್ತದೆ.

ಹುಡುಗಿಗೆ ನಟನೆ ಅಂತ ಏನೂ ಹೇಳಿಕೊಡಲಿಲ್ಲ. ಪಾತ್ರಕ್ಕೆ ಅವಳ ಹೆಸರನ್ನೇ ಇಟ್ಟೆವು. 1973ರ 'ದಿ ಸ್ಪಿರಿಟ್ ಆಫ್ ದಿ ಬೀಹೈವ್' ಮಾಡುವಾಗ ನಿರ್ದೇಶಕ ವಿಕ್ಟರ್ ಎರಿಸೆ ಕೂಡ ಹಾಗೇ ಮಾಡಿದ್ದರು. ಅದರ ಬಾಲನಟಿ, ಪುಟ್ಟ ಆನಾ ಟೊರೆಂಟ್‌ಗೆ ಸೆಟ್ಟಿನಲ್ಲಿ ಎಲ್ಲರಿಗೂ ಅವರ ಸ್ವಂತ ಹೆಸರು ಬಿಟ್ಟು ಬೇರೆ ಹೆಸರು ಯಾಕೆ ಅಂತ ಗೊಂದಲವಾಗಿ, ಪಾತ್ರಗಳಿಗೆ ನಟರ ಹೆಸರನ್ನೇ ಇಟ್ಟರು. ಅದರಲ್ಲಿ 'ಫ್ರಾಂಕೆನ್‌ಸ್ಟೈನ್' ಅನ್ನೋ ಹಳೆಯ ಹಾರರ್ ಸಿನಿಮಾ ನೋಡುವಾಗ ಅವಳ ಮುಖದಲ್ಲಿ ಕಾಣುವ ಬೆರಗು ನಿಜವಾದದ್ದೇ. ಮಕ್ಕಳಿಂದ ಭಯ ಹೊರಡಿಸೋದಕ್ಕಿಂತ ಅವರಿಗೆ ನಂಬಲು ಏನಾದರೂ ಕೊಡುವುದು ಒಳ್ಳೆಯದು ಅಂತ ನನಗೆ ಖಾತ್ರಿಯಾಗಿದ್ದು ಆ ದೃಶ್ಯದಿಂದ.

ಶೂಟಿಂಗ್‌ಗೆ ಮುಂಚೆ ನಮ್ಮ ಹುಡುಗಿಗೆ ಕಾಗದ, ಕ್ರೇಯಾನ್ ಕೊಟ್ಟು ಕೋಟಿನೊಳಗೆ ಇರುವವನನ್ನು ಬರೆಯಲು ಹೇಳಿದೆ. ಉದ್ದಕ್ಕೆ ಕಂದು ಬಣ್ಣ ತುಂಬಿದಳು, ಕಣ್ಣು ಬರೆದಳು, ಕೈ ಬರೆಯಲಿಲ್ಲ.

"ಕೈ ಎಲ್ಲಿ ಪುಟ್ಟಾ?"

"ಜೇಬಲ್ಲಿ ಅಂಕಲ್. ಅವನಿಗೆ ಚಳಿ."

ಸ್ಕ್ರಿಪ್ಟ್ ಅಲ್ಲೇ ಬದಲಾಯಿತು. ಕೋಟಿನ ಎರಡೂ ಜೇಬಿಗೆ ಬಟ್ಟೆ ತುರುಕಿ ಸ್ವಲ್ಪ ಉಬ್ಬಿಸಿದೆವು. ಮುಂದಿನ ದೃಶ್ಯದಲ್ಲಿ ಒಂದೇ ಜೇಬು ಉಬ್ಬಿದೆ, ಇನ್ನೊಂದು ಸಪಾಟು. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹುಡುಗಿ ತನ್ನ ಉಣ್ಣೆ ಟೋಪಿ ತಂದು ಕೋಟಿನ ಮೇಲಿನ ಗೂಟಕ್ಕೆ ಸಿಕ್ಕಿಸುತ್ತಾಳೆ. ನೋಡಿದವರೆಲ್ಲ ಜಾಸ್ತಿ ಹೆದರಿದ್ದು ಇಲ್ಲೇ. ಮಗು ಹೆದರದೆ ಅಕ್ಕರೆ ತೋರಿಸಿದಾಗ ನಮ್ಮ ಎದೆ ಡವಡವ ಅನ್ನುತ್ತದೆ.

ಬೆಳಕಿಗೆ ಒಂದೇ ದೀಪ, ಫ್ರೇಮಿನ ಎರಡೂ ಅಂಚು ಕತ್ತಲು. 1961ರ 'ದಿ ಇನ್ನೊಸೆಂಟ್ಸ್'ನಲ್ಲಿ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಂಚಿಗೆ ಬಣ್ಣ ಹಚ್ಚಿದ ಫಿಲ್ಟರ್ ಬಳಸಿ ಅಗಲದ ಪರದೆಯ ಎರಡೂ ಬದಿ ಕಪ್ಪಾಗಿಸಿದ್ದರು. ನಾವು ಕಪ್ಪು ಬಟ್ಟೆಯಿಂದ ದೀಪದ ಬೆಳಕು ತಡೆದೆವು.

ಸಂಗೀತ ಹಾಕೋಣ ಅಂತ ಸುಮಾರು ಜನ ಹೇಳಿದರು. ನಾನು ಒಪ್ಪಲಿಲ್ಲ. ಈಗ ಹೆದರಿ ಅಂತ ಸಂಗೀತ ಮೊದಲೇ ಹೇಳಿಬಿಡುತ್ತದೆ, ಆದರೆ ಹುಡುಗಿಗೆ ಅಂಥ ಮುನ್ಸೂಚನೆ ಯಾವುದೂ ಇಲ್ಲವಲ್ಲ. ಬರೀ ಫ್ರಿಜ್ಜಿನ ಗುಂಯ್‌ಗುಡುವ ಸದ್ದನ್ನು ಮೊದಲಿಂದ ತುಂಬ ಸಣ್ಣಗೆ ಓಡಿಸಿ, ಅವಳು ಟೋಪಿ ಸಿಕ್ಕಿಸುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿದೆವು. ಅಲ್ಲಿಯವರೆಗೆ ಆ ಸದ್ದು ಇತ್ತು ಅನ್ನೋದೇ ಯಾರಿಗೂ ಗೊತ್ತಾಗಿರಲಿಲ್ಲ.