ಎಂಟರ್ ಒತ್ತದೆ ಚೀಲ ಎಣಿಸಿದ್ದು

ಕಲಬುರಗಿಯ ಗಂಜಿನಲ್ಲಿರುವ ಮಾವನ ತೊಗರಿ ಅಂಗಡಿಗೆ ಪೈಥಾನ್‌ನಲ್ಲಿ ಪುಟ್ಟ ಎಣಿಕೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಚೀಲ ಇಳಿದಾಗಲೆಲ್ಲ ‘ತ’ ಒತ್ತಬೇಕು, ಆಮೇಲೆ ಎಂಟರ್. ಹಮಾಲರ ವೇಗಕ್ಕೆ ಆ ಎರಡನೆಯ ಒತ್ತು ಹೊಂದಲೇ ಇಲ್ಲ. ಸಂಜೆ ಲೆಕ್ಕದಲ್ಲಿ ನಾಲ್ಕು ಚೀಲ ಕಡಿಮೆ. ಮಾವ ಏನೂ ಅನ್ನಲಿಲ್ಲ, ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಗೀಟು ಹಾಕತೊಡಗಿದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ದೋಷ ಪೈಥಾನಿನದಲ್ಲ. ಲಿನಕ್ಸ್‌ನ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ವ್ಯವಸ್ಥೆಯೇ ಸಾಲು ಮುಗಿಯುವವರೆಗೆ ಅಕ್ಷರಗಳನ್ನು ತಡೆದಿಟ್ಟುಕೊಳ್ಳುತ್ತದೆ. ಎಂಟರ್‌ಗೆ ಮುಂಚೆ ಬ್ಯಾಕ್‌ಸ್ಪೇಸ್‌ನಿಂದ ತಿದ್ದಲು ಸಾಧ್ಯವಾಗುವುದು ಅದರಿಂದಲೇ. ಪೈಥಾನಿನ ಟಿಟಿವೈ ಮಾಡ್ಯೂಲಿನಲ್ಲಿ, ಒತ್ತಿದ್ದನ್ನು ಎಂಟರ್‌ಗೆ ಕಾಯದೆ ಕೊಡಿಸುವ ‘ಸೆಟ್‌ಸಿಬ್ರೇಕ್’ ಕರೆದೆ, ಕಟ್ಟೆ ಒಡೆಯಿತು. ಅದೇ ಬಗೆಯ ‘ಸೆಟ್‌ರಾ’ ಬೇಡವೆಂದೆ, ಅಲ್ಲಿ ಪ್ರೋಗ್ರಾಂ ನಿಲ್ಲಿಸಲು ಒತ್ತುವ ಕಂಟ್ರೋಲ್-ಸಿ ಕೂಡ ಬರಿಯ 3 ಎಂಬ ಬೈಟ್ (0ರಿಂದ 255ರವರೆಗಿನ ಒಂದು ಸಂಖ್ಯೆ) ಆಗಿ ಬರುತ್ತದೆ, ಪ್ರೋಗ್ರಾಂ ನಿಲ್ಲುವುದಿಲ್ಲ.

ಈಗ ಒಂದು ಚೀಲಕ್ಕೆ ಮೂರು ಎಣಿಕೆ! ನಾನು ಒಂದೊಂದೇ ಬೈಟ್ ಓದಿ, ಪ್ರತಿಯೊಂದನ್ನೂ ಚೀಲವೆಂದು ಕೂಡಿಸುತ್ತಿದ್ದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ತ’ ಎಂದರೆ ಮೂರು ಬೈಟ್: 224, 178, 164. ಮೇಲಿನ ಬಾಣದ ಕೀಲಿಯೂ ಹಾಗೆಯೇ: 27, 91, 65. ಜಾಣತನ ಬದಿಗಿಟ್ಟು ಸ್ಪೇಸ್‌ಬಾರ್‌ಗೆ ಬಂದೆ. ಅದು 32, ಒಂದೇ ಬೈಟ್. ತೊಗರಿಯ ದೂಳು ಮೆತ್ತಿದ ಬೆರಳಿಗೂ ತಪ್ಪದೆ ಸಿಗುತ್ತದೆ.

ಇನ್ನೊಂದು ಪೇಚು. ಪ್ರೋಗ್ರಾಂ ನಡುವೆ ಕುಸಿದಾಗ ಸೆಟ್‌ಸಿಬ್ರೇಕ್‌ನ ಸ್ಥಿತಿ ಹಾಗೇ ಉಳಿದು, ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ದೇನೂ ಕಾಣಲಿಲ್ಲ. ಕುರುಡಾಗಿಯೇ, ಟರ್ಮಿನಲ್ಲನ್ನು ಸಹಜ ಸ್ಥಿತಿಗೆ ತರುವ ‘ಎಸ್‌ಟಿಟಿವೈ ಸೇನ್’ ಎಂದು ಹೊಡೆದು ಸರಿಪಡಿಸಿದೆ. ಈಗ ಹಳೆಯ ಸ್ಥಿತಿಯನ್ನು ಮೊದಲೇ ‘ಟಿಸಿಗೆಟ್‌ಆಟರ್’ನಿಂದ ಪಡೆದಿಟ್ಟು, ಪ್ರೋಗ್ರಾಂ ಕುಸಿದರೂ ಕೊನೆಗೆ ನಡೆಯುವ ‘ಫೈನಲಿ’ ಭಾಗದೊಳಗೆ ಮರಳಿಸುತ್ತೇನೆ. ಮಾವ ಮಾತ್ರ ಗೋಡೆಯ ಗೀಟುಗಳನ್ನು ಇನ್ನೂ ಅಳಿಸಿಲ್ಲ.