ಕಣ್ಣು ಬಿಟ್ಟು ನೋಡಲು ಕಲಿತೆ: ಮಾವೊ ಅಸಾದ ಮತ್ತು ನಾನು

ಜಪಾನಿನ ಫಿಗರ್ ಸ್ಕೇಟರ್ ಮಾವೊ ಅಸಾದ ಐಸ್ ಮೇಲೆ ಬಂದು ನಿಂತರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪೂರ್ತಿ ಅಲ್ಲ, ಮೊದಲ ಅರ್ಧ ನಿಮಿಷ ಮಾತ್ರ. ಅವಳ ಟ್ರಿಪಲ್ ಆಕ್ಸಲ್ ಎಂಬ ಕಷ್ಟದ ಜಂಪ್ ಬರುವುದು ಅಲ್ಲೇ, ಸಂಗೀತ ಶುರುವಾದ ಸ್ವಲ್ಪ ಹೊತ್ತಿಗೆ. ಜನ ಚಪ್ಪಾಳೆ ತಟ್ಟಿದ ಸದ್ದು ಕೇಳಿದರೆ ಕಣ್ಣು ಬಿಡುತ್ತಿದ್ದೆ. ಜನ ಉಸಿರೆಳೆದುಕೊಂಡ ಸದ್ದು ಬಂದರೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದೆ. ಅವಳ ಅಭಿಮಾನಿ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಆದರೆ ಅವಳು ಎಲ್ಲಕ್ಕಿಂತ ಜಾಸ್ತಿ ಪ್ರೀತಿಸಿದ ಜಂಪನ್ನೇ ನೋಡದೆ ಒಂದು ವರ್ಷ ಕಳೆದೆ.

ನಾನು ನಗೋಯಾಕ್ಕೆ ಬಂದದ್ದು 2011ರಲ್ಲಿ, ಮದುವೆಯಾದ ಹೊಸದರಲ್ಲಿ. ಯಜಮಾನರಿಗೆ ಇಲ್ಲಿ ಕೆಲಸ. ನನಗೆ ಜಪಾನಿ ಭಾಷೆ ಬರುತ್ತಿರಲಿಲ್ಲ, ಗುರುತಿನವರೂ ಇರಲಿಲ್ಲ. ಆ ಡಿಸೆಂಬರ್‌ನಲ್ಲಿ ಒಂದು ದಿನ ಯಾವ ಚಾನೆಲ್ ಹಾಕಿದರೂ ಟಿವಿಯಲ್ಲಿ ಒಂದೇ ಹುಡುಗಿಯ ಮುಖ. ಏನಾಯಿತು ಅಂತ ಕೆಳಗಿನ ಮನೆಯ ಅಜ್ಜಿಯನ್ನು ಕೈಸನ್ನೆಯಲ್ಲೇ ಕೇಳಿದೆ. ಅವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. ಅವಳು ಮಾವೊ-ಚಾನ್, ಈ ಊರಿನ ಹುಡುಗಿ. ಗ್ರ್ಯಾಂಡ್ ಪ್ರಿ ಫೈನಲ್‌ಗೆ ಅಂತ ಕೆನಡಾದ ಕ್ವಿಬೆಕ್‌ಗೆ ಹೋಗಿದ್ದಳು. ತಾಯಿಗೆ ಹುಷಾರಿಲ್ಲ ಅಂತ ತಿಳಿದು ಸ್ಪರ್ಧೆ ಬಿಟ್ಟು ವಾಪಸ್ ಹೊರಟಳು. ಬಂದು ಮುಟ್ಟುವಷ್ಟರಲ್ಲಿ ತಾಯಿ ತೀರಿಹೋಗಿದ್ದರು.

ನನ್ನ ಅಮ್ಮ ಇದ್ದದ್ದು ಶಿವಮೊಗ್ಗದಲ್ಲಿ. ಅಷ್ಟು ದೂರ ಬಂದು ಕೂತಿದ್ದ ನನಗೆ ಆ ಸುದ್ದಿ ಎದೆಗೇ ಬಂದು ತಾಕಿತು. ಎರಡೇ ವಾರದಲ್ಲಿ ಅವಳು ಒಸಾಕಾದ ಕಡೊಮಾದಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಇಳಿದು ಗೆದ್ದಳು. ಅದನ್ನು ಅಜ್ಜಿಯ ಮನೆಯ ಕೊತಾತ್ಸುವಿನಲ್ಲಿ, ಅಂದರೆ ಹೊದಿಕೆ ಹಾಕಿ ಅಡಿಯಲ್ಲಿ ಬಿಸಿ ಇಟ್ಟ ತಗ್ಗು ಮೇಜಿನ ಕೆಳಗೆ, ಕಾಲು ಚಾಚಿಕೊಂಡು ನೋಡಿದೆ. ಅಂದಿನಿಂದ ಅವಳನ್ನು ಬಿಡಲಿಲ್ಲ. ಫೋನಲ್ಲಿ ಹೇಳಿದಾಗ ಅಮ್ಮ, "ಯಾರೇ ಅದು, ನಿಮ್ಮ ಮಾವನವರಾ ಟಿವೀಲಿ ಬಂದಿದ್ದು?" ಅಂದರು. ಅಲ್ಲಮ್ಮ, ಮಾವೊ ಅಂತ, ಸ್ಕೇಟಿಂಗ್ ಮಾಡೋ ಹುಡುಗಿ ಅಂದೆ. ಆಮೇಲೆ ಪ್ರತಿ ಸಲ ಫೋನಿಟ್ಟುಕೊಂಡಾಗಲೂ "ನಿನ್ನ ಮಾವೊ ಹೇಗಿದ್ದಾಳೆ?" ಅಂತ ಕೇಳುತ್ತಿದ್ದರು.

ಹಳೆಯದನ್ನೆಲ್ಲ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿದೆ. 2005ರಲ್ಲಿ, 15ರ ವಯಸ್ಸಿಗೇ ಟೋಕಿಯೊದಲ್ಲಿ ಗ್ರ್ಯಾಂಡ್ ಪ್ರಿ ಫೈನಲ್ ಗೆದ್ದವಳು. ಆದರೆ ವಯಸ್ಸಿನ ನಿಯಮಕ್ಕೆ 87 ದಿನ ಕಡಿಮೆ ಬಿದ್ದು ಮುಂದಿನ ಫೆಬ್ರವರಿಯ ಟೊರಿನೊ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ. 2008ರ ವಿಶ್ವ ಚಾಂಪಿಯನ್‌ಶಿಪ್ ಗೋಥೆನ್‌ಬರ್ಗ್‌ನಲ್ಲಿ. ಸ್ಪರ್ಧೆಗೆ ಎರಡು ಭಾಗ, ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಆಮೇಲೆ ಉದ್ದದ ಫ್ರೀ ಸ್ಕೇಟಿಂಗ್, ಎರಡರ ಅಂಕವನ್ನೂ ಕೂಡಿಸುತ್ತಾರೆ. ಅವತ್ತು ಫ್ರೀ ಸ್ಕೇಟಿಂಗ್‌ನಲ್ಲಿ ಟ್ರಿಪಲ್ ಆಕ್ಸಲ್‌ಗೆ ಹಾರುವ ಹೊತ್ತಿಗೆ ಕಾಲು ಜಾರಿ, ಬಿದ್ದು, ದೂರದವರೆಗೆ ಜಾರಿಕೊಂಡು ಹೋದಳು. ಎದ್ದು ಉಳಿದದ್ದನ್ನೆಲ್ಲ ಮಾಡಿ ಚಾಂಪಿಯನ್ ಆದಳು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಶಾರ್ಟ್ ಪ್ರೋಗ್ರಾಂನಲ್ಲಿ ಒಂದು, ಫ್ರೀಯಲ್ಲಿ ಎರಡು, ಹೀಗೆ ಒಂದೇ ಸ್ಪರ್ಧೆಯಲ್ಲಿ ಮೂರು ಟ್ರಿಪಲ್ ಆಕ್ಸಲ್ ಮಾಡಿದಳು. ಅದುವರೆಗೆ ಯಾವ ಹೆಣ್ಣುಮಗಳೂ ಮಾಡಿರಲಿಲ್ಲ. ಆದರೂ ಬಂದದ್ದು ಬೆಳ್ಳಿ. ಚಿನ್ನ ಕೊರಿಯಾದ ಕಿಮ್ ಯುನಾಗೆ ಹೋಯಿತು, 228.56 ಅಂಕ. ಮಾವೊಗೆ 205.50. ಇಬ್ಬರೂ 1990ರ ಸೆಪ್ಟೆಂಬರ್‌ನಲ್ಲೇ ಹುಟ್ಟಿದವರು. ಯುನಾ ಮೇಲೆ ಸಿಟ್ಟು ಮಾಡಿಕೊಳ್ಳುವ ಮಾವೊ ಅಭಿಮಾನಿಗಳನ್ನು ನೋಡಿದ್ದೇನೆ. ನನಗೆ ಅದು ಯಾವತ್ತೂ ಒಗ್ಗಲಿಲ್ಲ. ಯುನಾಳ ಲುಟ್ಸ್ ಮತ್ತು ಟೋಲೂಪ್ ಎರಡನ್ನೂ ಬೆನ್ನುಬೆನ್ನಿಗೆ ಹಾರುವ ಜೋಡಿ ಜಂಪನ್ನು ಅದೇ ಪ್ರೀತಿಯಿಂದ ಎಷ್ಟೋ ಸಲ ನೋಡಿದ್ದೇನೆ. ಎದುರಾಳಿ ಎಷ್ಟು ಗಟ್ಟಿ ಅಂತ ಗೊತ್ತಿಲ್ಲದೆ ನಮ್ಮವಳು ಏನು ಮಾಡುತ್ತಿದ್ದಾಳೆ ಅಂತ ಗೊತ್ತಾಗುವುದಾದರೂ ಹೇಗೆ?

ವ್ಯಾಂಕೂವರ್ ಆದ ಮೇಲೆ ಅವಳು ನೊಬುವೊ ಸಾತೊ ಎಂಬ ಹಿರಿಯ ಕೋಚ್ ಹತ್ತಿರ ಸೇರಿ ಜಂಪ್‌ಗಳನ್ನೆಲ್ಲ ಅ ಆ ಇ ಈಯಿಂದ ತಿದ್ದತೊಡಗಿದಳು. 2012ರ ಚಳಿಗಾಲದಲ್ಲಿ ಟ್ರಿಪಲ್ ಆಕ್ಸಲ್ ಬಿಟ್ಟೇ ಸ್ಪರ್ಧೆಗಿಳಿದಳು. ಚೀನಾದಲ್ಲಿ ಗೆದ್ದಳು, ಜಪಾನಿನಲ್ಲಿ ಎನ್‌ಎಚ್‌ಕೆ ಟ್ರೋಫಿ ಗೆದ್ದಳು, ಸೋಚಿಯಲ್ಲಿ ನಡೆದ ಗ್ರ್ಯಾಂಡ್ ಪ್ರಿ ಫೈನಲ್ಲೂ ಗೆದ್ದಳು. ನನಗೆ ಎಷ್ಟು ನಿರಾಳ ಅಂದರೆ, ಇನ್ನು ಹೀಗೇ ಇರಲಿ ದೇವರೇ ಅಂದುಕೊಂಡೆ. ಆದರೆ 2013ರ ಫೆಬ್ರವರಿಯಲ್ಲಿ, ಒಸಾಕಾದ ಫೋರ್ ಕಾಂಟಿನೆಂಟ್ಸ್ ಸ್ಪರ್ಧೆಯಲ್ಲಿ, ಅವಳು ಆ ಜಂಪನ್ನು ಮತ್ತೆ ತಂದಳು. ನಾನು ಕಣ್ಣು ಮುಚ್ಚಲು ಶುರು ಮಾಡಿದ್ದು ಆಗಲೇ. ಭಯಕ್ಕಿಂತ ಜಾಸ್ತಿ ಕೋಪ ಇತ್ತು. ಇಲ್ಲದೆಯೇ ಗೆಲ್ಲುತ್ತಿದ್ದಾಳಲ್ಲ, ಮತ್ತೆ ಯಾಕೆ ಬೇಕು?

ಇದನ್ನು ಅಜ್ಜಿಯ ಹತ್ತಿರ ಹೇಳಿದೆ. ಅವರು ನಕ್ಕು, ಮುಂದಿನ ಭಾನುವಾರ ನನ್ನನ್ನು ಓಸು ರಿಂಕ್‌ಗೆ ಕರೆದುಕೊಂಡು ಹೋದರು. ಓಸು ಅಂದರೆ ನಗೋಯಾದ ಹಳೆಯ ಪೇಟೆ ಬೀದಿ, ಕನ್ನೊನ್ ದೇವಸ್ಥಾನದ ಸುತ್ತಮುತ್ತ. ಅಲ್ಲೇ ಹತ್ತಿರ ಆ ರಿಂಕ್. ಮಾವೊ ಚಿಕ್ಕವಳಿದ್ದಾಗ ಕಲಿತ ಜಾಗ. ಅವಳಿಗಿಂತ ಮೊದಲು ಮಿದೊರಿ ಇತೊ ಕಲಿತದ್ದೂ ಅಲ್ಲೇ. 1988ರಲ್ಲಿ ಸ್ಪರ್ಧೆಯಲ್ಲಿ ಟ್ರಿಪಲ್ ಆಕ್ಸಲ್ ಮಾಡಿದ ಮೊದಲ ಮಹಿಳೆ ಅವರು. ಅಜ್ಜಿ ಮಿದೊರಿಯ ಕಾಲದಿಂದ ನೋಡುತ್ತಾ ಬಂದವರು. ಈ ಊರಿನಲ್ಲಿ ಆ ಜಂಪ್ ಒಂಥರಾ ಮನೆತನದ ಒಡವೆ ಇದ್ದ ಹಾಗೆ ಅಂತ ನನಗೆ ಅರ್ಥವಾದದ್ದು ಅಲ್ಲಿ.

ಬಾಡಿಗೆ ಶೂ ಹಾಕಿಕೊಂಡು ನಾನೂ ಇಳಿದೆ. ಒಂದು ಗಂಟೆ ಗೋಡೆ ಬಿಡಲಿಲ್ಲ. ಆದರೆ ಆ ಒಂದು ಗಂಟೆ ಕಲಿಸಿದಷ್ಟನ್ನು ಟಿವಿ ಎರಡು ವರ್ಷದಲ್ಲಿ ಕಲಿಸಿರಲಿಲ್ಲ. ಸ್ಕೇಟಿನ ಬ್ಲೇಡ್‌ಗೆ ಚಾಕುವಿನ ಹಾಗೆ ಒಂದೇ ಅಂಚಲ್ಲ. ಅಡಿಯಲ್ಲಿ ನಡುವೆ ಸಣ್ಣ ತಗ್ಗು, ಎರಡೂ ಕಡೆ ಒಂದೊಂದು ಅಂಚು. ಪಾದ ಹೊರಕ್ಕೆ ವಾಲಿದರೆ ಹೊರ ಅಂಚು, ಒಳಕ್ಕೆ ವಾಲಿದರೆ ಒಳ ಅಂಚು. ಈ ಆಟ ಪೂರ್ತಿ ನಿಂತಿರುವುದು ಈ ವಾಲುವುದರ ಮೇಲೆ. ಬೇರೆ ಐದು ಜಂಪ್‌ಗಳಲ್ಲೂ ಹಿಮ್ಮುಖವಾಗಿ ಜಾರುತ್ತಾ ಹಾರುತ್ತಾರೆ. ಆಕ್ಸಲ್ ಒಂದರಲ್ಲಿ ಮಾತ್ರ ಮುಂದೆ ನೋಡುತ್ತಾ, ಹೊರ ಅಂಚಿನಿಂದ (ಮಾವೊಗೆ ಅದು ಎಡಗಾಲು) ಹಾರಬೇಕು. ಇಳಿಯುವುದು ಮಾತ್ರ ಉಳಿದವುಗಳಂತೆ ಹಿಮ್ಮುಖವಾಗಿಯೇ. ಹಾಗಾಗಿ ಅರ್ಧ ಸುತ್ತು ಜಾಸ್ತಿ. ಟ್ರಿಪಲ್ ಅಂದರೆ ಮೂರೂವರೆ ಸುತ್ತು. ಹೊರ ಅಂಚಿನ ಮೇಲೆ ಸುಮ್ನೆ ನಿಲ್ಲಲು ಹೋದರೇ ನನ್ನ ಮಂಡಿ ನಡುಗುತ್ತಿತ್ತು.

ನೀವೂ ಯಾರಾದರೂ ಸ್ಕೇಟರ್‌ಗೆ ಮನಸ್ಸು ಕೊಟ್ಟಿದ್ದರೆ, ಅವಕಾಶ ಸಿಕ್ಕಾಗ ಒಂದೇ ಒಂದು ಸಲ ಐಸ್ ಮೇಲೆ ನಿಲ್ಲಿ. ಆಮೇಲೆ ಅವರ ಪಾದ ಬಿಟ್ಟು ಬೇರೆ ಕಡೆ ಕಣ್ಣು ಹೋಗುವುದಿಲ್ಲ.

ಎರಡನೆಯ ಪಾಠ ಪ್ರೋಟೋಕಾಲ್ ಓದುವುದು. ಸ್ಪರ್ಧೆ ಮುಗಿದ ಮೇಲೆ ಪ್ರತಿ ಸ್ಕೇಟರ್‌ನ ಒಂದೊಂದು ಜಂಪ್, ಸ್ಪಿನ್, ಸ್ಟೆಪ್‌ಗೆ ಎಷ್ಟೆಷ್ಟು ಅಂಕ ಬಂತು ಅಂತ ಪಟ್ಟಿ ಹಾಕುತ್ತಾರೆ. ಮೊದಲು ನೋಡಿದಾಗ ಕಿರಾಣಿ ಅಂಗಡಿಯ ಲೆಕ್ಕದ ಚೀಟಿ ಅನ್ನಿಸಿತು. ನಿಧಾನವಾಗಿ ಗುರುತುಗಳು ಅರ್ಥವಾದವು. ಸುತ್ತು ಸ್ವಲ್ಪ ಕಡಿಮೆಯಾದರೆ ಒಂದು ಗುರುತು, ಜಾಸ್ತಿ ಕಡಿಮೆಯಾದರೆ ಅದೇ ಗುರುತು ಎರಡು. ಅಂಚು ತಪ್ಪಿದರೆ ಬೇರೊಂದು. ಮಾವೊಗೆ ಲುಟ್ಸ್ ಜಂಪಿನಲ್ಲಿ ಆ ಅಂಚಿನ ಗುರುತು ಬೀಳುತ್ತಿತ್ತು. ಹೊರ ಅಂಚಿನಿಂದ ಹಾರಬೇಕಾದದ್ದು, ಅವಳ ಪಾದ ಕೊನೆಯ ಕ್ಷಣಕ್ಕೆ ಒಳಕ್ಕೆ ಹೊರಳುತ್ತಿತ್ತು. ಅದು ಪಕ್ಷಪಾತ ಅಲ್ಲ, ನಿಜವಾಗಿಯೂ ಹೊರಳುತ್ತಿತ್ತು. ನಿಧಾನಗತಿಯಲ್ಲಿ ಹಾಕಿ ನೋಡಿ ಒಪ್ಪಿಕೊಂಡೆ. ಪ್ರೀತಿಸುವವರ ತಪ್ಪನ್ನು ಸರಿಯಾಗಿ ನೋಡಲು ಬಂದದ್ದರಿಂದ ನನ್ನ ಪ್ರೀತಿ ಏನೂ ಕಡಿಮೆಯಾಗಲಿಲ್ಲ.

ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಆಗಿನ ನಿಯಮದಲ್ಲಿ ಟ್ರಿಪಲ್ ಆಕ್ಸಲ್‌ಗೆ ಮೂಲ ಅಂಕ 8.5. ಪೂರ್ತಿ ಸುತ್ತಿ ಬಿದ್ದರೆ ಗುಣಮಟ್ಟಕ್ಕೆ 3 ಹೋಗುತ್ತದೆ, ಬಿದ್ದದ್ದಕ್ಕೆ ಇನ್ನೊಂದು. ಉಳಿಯುವುದು 4.5. ಡಬಲ್ ಆಕ್ಸಲ್‌ಗೆ ಮೂಲ 3.3. ಅಂದವಾಗಿ ಮಾಡಿದರೆ ಸುಮಾರು 4.3. ಅಂದರೆ ಸುತ್ತು ಪೂರ್ತಿಯಾದರೆ ಬಿದ್ದರೂ ಅಂಕದಲ್ಲಿ ಅಂಥ ನಷ್ಟವಿಲ್ಲ! ಸುತ್ತು ಕಡಿಮೆಯಾಗಿ ಬಿದ್ದರೆ ಮಾತ್ರ ಕಥೆ ಬೇರೆ, ಸುಮಾರು 2 ಅಂಕಕ್ಕೆ ಇಳಿಯುತ್ತದೆ. ಬಿದ್ದ ಮೇಲೆ ಉಳಿದ ಮೂರು ನಿಮಿಷ ಮನಸ್ಸು ಕುಗ್ಗುವ ಅಪಾಯಕ್ಕೆ ಯಾವ ಪಟ್ಟಿಯಲ್ಲೂ ಅಂಕವಿಲ್ಲ. ಆದರೆ ಅವಳು ಹಠಕ್ಕೆ ಕುರುಡಾಗಿ ಹಾರುತ್ತಿಲ್ಲ ಅನ್ನುವುದಂತೂ ಗೊತ್ತಾಯಿತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸ್ಪರ್ಧೆಯ ಆಕ್ಸಲ್‌ಗೆ ಒಂದು ಸಾಲು. ತಾರೀಖು, ಊರು, ಏನಾಯಿತು. ಆದರೆ ಬರೆಯುವುದು ರೀಪ್ಲೇ ನೋಡಿ. ನೇರವಾಗಿ ನೋಡುವ ಧೈರ್ಯ ಆಗಲೂ ಬಂದಿರಲಿಲ್ಲ.

2014ರ ಫೆಬ್ರವರಿ, ಸೋಚಿ ಒಲಿಂಪಿಕ್ಸ್. ಶಾರ್ಟ್ ಪ್ರೋಗ್ರಾಂನಲ್ಲಿ ಅವಳ ಸರದಿ ಬಂದಾಗ ಜಪಾನಿನಲ್ಲಿ ಬೆಳಗಿನ ಜಾವ. ಯಜಮಾನರು ಮಲಗಿದ್ದರು, ಟಿವಿ ಸದ್ದು ಪೂರ್ತಿ ಇಳಿಸಿದ್ದೆ. ಹಾಗಾಗಿ ಚಪ್ಪಾಳೆಗೆ ಕಾಯುವ ಹಾಗಿರಲಿಲ್ಲ. ಕಣ್ಣು ಬಿಟ್ಟಾಗ ಅವಳು ಐಸ್ ಮೇಲಿಂದ ಎದ್ದೇಳುತ್ತಿದ್ದಳು. ಆಮೇಲೆ ಜೋಡಿ ಜಂಪೂ ತಪ್ಪಿತು. 55.51 ಅಂಕ, 16ನೇ ಸ್ಥಾನ. ಅಡುಗೆಮನೆಗೆ ಹೋಗಿ ಸಿಂಕ್ ಹತ್ತಿರ ನಿಂತುಕೊಂಡೆ, ಏನೂ ಮಾಡಲಿಲ್ಲ. ಬೆಳಕು ಹರಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. "ಇವತ್ತು ರಾತ್ರಿ ಮತ್ತೆ ಇದೆ ಅಲ್ವಾ? ನೀನು ನೋಡೇ. ಅವಳು ಆಡ್ತಾಳೆ ಅಂದ್ಮೇಲೆ ನಿಂಗೇನು ನೋಡೋಕೆ?" ಅಂದರು.

ಆ ರಾತ್ರಿ ನೋಡಿದೆ. ಅಜ್ಜಿಯೂ ಮೇಲೆ ನಮ್ಮ ಮನೆಗೇ ಬಂದಿದ್ದರು. ಪದಕಕ್ಕೆ ಸೆಣಸುವವರು ಬರುವ ಕೊನೆಯ ಗುಂಪಿನಲ್ಲಿ ಅಲ್ಲ, ಎರಡನೇ ಗುಂಪಿನಲ್ಲಿ ಬಂದಳು. ನೀಲಿ ಉಡುಪು, ರಾಖ್ಮಾನಿನೋವ್‌ನ ಎರಡನೇ ಪಿಯಾನೊ ಕನ್ಸರ್ಟೊ. ಎಡಗಾಲು ಮುಂದಕ್ಕೆ ಹೋದದ್ದು, ಅಂಚು ವಾಲಿದ್ದು, ಬಲ ಮಂಡಿ ಮೇಲಕ್ಕೆ ಬಂದದ್ದು, ಎಲ್ಲ ಕಂಡಿತು. ಹಿಮ್ಮುಖವಾಗಿ ಇಳಿದು ಜಾರಿಕೊಂಡು ಹೋದಳು. ಅಜ್ಜಿ ನನ್ನ ಮಣಿಕಟ್ಟು ಹಿಡಿದಿದ್ದರು, ಬಿಟ್ಟದ್ದು ಸಂಗೀತ ನಿಂತ ಮೇಲೆ. ಆರು ಬಗೆಯ ಜಂಪ್‌ಗಳಲ್ಲಿ ಒಟ್ಟು ಎಂಟು ಟ್ರಿಪಲ್ ಹಾರಿದಳು, ಒಂದರಲ್ಲೂ ಬೀಳಲಿಲ್ಲ. ಮುಗಿಸಿ ಮೇಲೆ ನೋಡಿ ಅತ್ತಳು. 142.71, ಅವಳ ಅದುವರೆಗಿನ ಅತಿ ಹೆಚ್ಚು. ಜಡ್ಜ್‌ಗಳು ಕೆಲವು ಕಡೆ ಸುತ್ತು ಕಡಿಮೆ ಅಂತ ಗುರುತು ಹಾಕಿದ್ದರು, ಲುಟ್ಸ್‌ಗೆ ಅಂಚಿನ ಗುರುತೂ ಇತ್ತು. ಆದರೂ ಆ ರಾತ್ರಿಯ ಫ್ರೀ ಸ್ಕೇಟಿಂಗ್ ಮಾತ್ರ ತೆಗೆದುಕೊಂಡರೆ ಅವಳು ಮೂರನೆಯವಳು. ಒಟ್ಟಿನಲ್ಲಿ ಆರನೇ ಸ್ಥಾನ. ಜಪಾನಿನಲ್ಲಿ ಎಷ್ಟೋ ಜನರಿಗೆ ಅವಳ ಯಾವ ಪದಕಕ್ಕಿಂತಲೂ ಹೆಚ್ಚಾಗಿ ನೆನಪಿರುವುದು ಈ ಆರನೇ ಸ್ಥಾನವೇ.

ಮುಂದಿನ ತಿಂಗಳೇ ಸೈತಾಮಾದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಟಿಕೆಟ್‌ಗೆ ಇಲ್ಲಿ ಲಾಟರಿ. ಅರ್ಜಿ ಹಾಕಿ ಕಾಯಬೇಕು, ಹೆಸರು ಬಂದರೆ ಕನ್ವೀನಿಯನ್ಸ್ ಅಂಗಡಿಗೆ ಹೋಗಿ ದುಡ್ಡು ಕಟ್ಟಬೇಕು. ಎರಡು ಸಲ ಇಲ್ಲ ಅಂತ ಬಂತು. ಮೂರನೇ ಸಲ ಶಾರ್ಟ್ ಪ್ರೋಗ್ರಾಂ ದಿನಕ್ಕೆ ಸಿಕ್ಕಿತು, ತುತ್ತತುದಿಯ ಸೀಟು. ಅಜ್ಜಿ ಎಲ್ಲ ಹೇಳಿಕೊಟ್ಟಿದ್ದರು. ಒಳಗೆ ಕೊರೆಯುವ ಚಳಿ, ಮಂಡಿ ಮೇಲೆ ಹೊದಿಕೆ ಬೇಕು. ಎಸೆಯುವ ಹೂವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಲೂ ಮುಚ್ಚಿ ಅಂಟಿಸಬೇಕು. ಒಂದು ಎಸಳು ಐಸ್ ಮೇಲೆ ಬಿದ್ದರೂ ಮುಂದಿನ ಸ್ಕೇಟರ್‌ನ ಬ್ಲೇಡ್ ಅದಕ್ಕೆ ಸಿಕ್ಕಬಹುದು. ಸ್ಕೇಟರ್ ಐಸ್ ಮೇಲಿದ್ದಾಗ ಸೀಟಿನಿಂದ ಏಳಬಾರದು, ಫ್ಲಾಶ್ ಹಾಕಬಾರದು. ಹೆಸರು ಕೂಗುವುದಾದರೆ ಅವಳು ನಿಂತು ಸಂಗೀತಕ್ಕೆ ಕಾಯುವ ಮೊದಲೇ ಕೂಗಿ ಮುಗಿಸಬೇಕು. "ಮಾವೊ-ಚಾನ್, ಗಂಬಾ!" ಅಂತ ಕೂಗಿದೆ, ಬಿಡಬೇಡ, ಮಾಡು ಅಂತ ಹುರಿದುಂಬಿಸುವ ಮಾತು. ನಾಲ್ಕೂ ಕಡೆಯಿಂದ ಅದೇ ಕೂಗು.

ಟಿವಿಯಲ್ಲಿ ಎಂದೂ ಸಿಗದ ಒಂದು ಸಂಗತಿ ಅಲ್ಲಿ ಸಿಕ್ಕಿತು, ವೇಗ. ಕ್ಯಾಮೆರಾ ಸ್ಕೇಟರ್ ಜೊತೆಗೇ ಓಡುವುದರಿಂದ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಶೋಪಾನ್‌ನ ನಾಕ್ಟರ್ನ್‌ಗೆ ಅವಳು ರಿಂಕಿನ ಈ ತುದಿಯಿಂದ ಆ ತುದಿಗೆ ಕೆಲವೇ ಹೆಜ್ಜೆಯಲ್ಲಿ ಹೋದಳು. ಆಕ್ಸಲ್ ಹಾರಿದಳು, ಇಳಿದಳು. 78.66. ಆಗಿನ ವಿಶ್ವದಾಖಲೆ. ವ್ಯಾಂಕೂವರ್‌ನಲ್ಲಿ ಯುನಾ ಮಾಡಿದ್ದ 78.50ನ್ನು ದಾಟಿತ್ತು. ಪಕ್ಕದ ಸೀಟಿನ, ಗುರುತೇ ಇಲ್ಲದ ಹೆಂಗಸು ನನ್ನನ್ನು ತಬ್ಬಿಕೊಂಡರು. ಫ್ರೀ ಸ್ಕೇಟಿಂಗನ್ನು ಮನೆಗೆ ಬಂದು ನೋಡಿದೆ. ಒಟ್ಟು 216.69, ಮೂರನೇ ಸಲ ವಿಶ್ವ ಚಾಂಪಿಯನ್.

ಒಂದು ವರ್ಷ ಬಿಡುವು ತೆಗೆದುಕೊಂಡು ಅವಳು ವಾಪಸ್ ಬಂದಳು. ಮಂಡಿ ನೋವು, ಹಳೆಯ ವೇಗವಿಲ್ಲ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಮತ್ತೆ ಕಡೊಮಾದಲ್ಲಿ ಬಂತು. ತಾಯಿ ಹೋದ ಎರಡೇ ವಾರಕ್ಕೆ ಅವಳು ಗೆದ್ದಿದ್ದ ಅದೇ ಕಟ್ಟಡ. ಫ್ರೀ ಸ್ಕೇಟಿಂಗ್‌ನ ಮೊದಲ ಅರ್ಧ ನಿಮಿಷ. ಸುಮಾರು ಮೂರು ವರ್ಷದಿಂದ ಕಣ್ಣು ಮುಚ್ಚಿರಲಿಲ್ಲ, ಅವತ್ತೂ ಮುಚ್ಚಲಿಲ್ಲ. ಹಾರಿದಳು, ಬಿದ್ದಳು, ಎದ್ದಳು. 12ನೇ ಸ್ಥಾನ. ನೋಟ್‌ಬುಕ್‌ನಲ್ಲಿ ತಾರೀಖು, ಊರು ಬರೆದು, ಎದುರಿಗೆ "ಹಾರಿದಳು" ಅಂತ ಬರೆದೆ. ಮುಂದಿನ ಏಪ್ರಿಲ್ 10ರ ರಾತ್ರಿ ಅವಳು ನಿವೃತ್ತಿ ತಿಳಿಸಿದಾಗ ಮೊದಲು ಬಾಗಿಲು ತಟ್ಟಿದ್ದು ಅಜ್ಜಿ. ಇಬ್ಬರೂ ಟೀ ಕುಡಿದೆವು, ಜಾಸ್ತಿ ಮಾತಾಡಲಿಲ್ಲ.

2018ರಿಂದ 2021ರವರೆಗೆ ಅವಳು "ಥ್ಯಾಂಕ್ಸ್ ಟೂರ್" ಅಂತ ದೇಶದ ಊರೂರಿಗೆ ಹೋಗಿ 202 ಪ್ರದರ್ಶನ ಕೊಟ್ಟಳು. ದೊಡ್ಡ ಅರೇನಾಗಳಿಗಷ್ಟೇ ಅಲ್ಲ, ಚಿಕ್ಕ ಊರುಗಳ ರಿಂಕ್‌ಗಳಿಗೂ ಹೋದಳು. ಒಂದಕ್ಕೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಸೀಟು ಐಸ್‌ಗೆ ಎಷ್ಟು ಹತ್ತಿರ ಅಂದರೆ ಬ್ಲೇಡ್ ವಾಲಿದಾಗ ಐಸ್ ಕೊರೆಯುವ ಸದ್ದು ಕೇಳುತ್ತಿತ್ತು. ಹೊರ ಅಂಚಿಗೆ ಒಂದು ಸದ್ದು, ಒಳ ಅಂಚಿಗೆ ಹೊರಳುವಾಗ ಇನ್ನೊಂದು. ಅಭ್ಯಾಸಬಲದಿಂದ ನೋಟ್‌ಬುಕ್ ತಂದಿದ್ದೆ. ಅಜ್ಜಿ ಅದನ್ನು ನನ್ನ ಮಡಿಲಿಂದ ಮೆಲ್ಲಗೆ ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡು, ಹೊದಿಕೆಯ ಅರ್ಧವನ್ನು ನನ್ನ ಮಂಡಿ ಮೇಲೆ ಎಳೆದರು.